ಹಳ್ಳದ ನೀರ ಮೇಲೆ

8 ಡಿಸೆಂಬರ್ 2024, ಭಾನುವಾರ

ಅಡಿಕೆ ಕೊಯ್ಲಿಗೆಂದು ಊರಿಗೆ ಬಂದು ಮೂರು ದಿನ. ಬೆಳಗ್ಗೆ ತೋಟದ ಕೆಳಗಿನ ಹಳ್ಳಕ್ಕೆ ಇಳಿದಾಗ ಮೊದಲು ಕಂಡದ್ದು ನೀರ ಮೇಲೆ ಓಡಾಡುವ ಹುಳವಲ್ಲ, ನೆರಳು. ತಳದ ಮರಳಿನ ಮೇಲೆ ಹುಣಸೆಬೀಜದಷ್ಟು ದಪ್ಪದ ನಾಲ್ಕು ಕಪ್ಪು ಮಚ್ಚೆ, ಸುತ್ತ ಹೊಳೆಯುವ ಅಂಚು. ಮೇಲೆ ನೋಡಿದರೆ ಕೂದಲೆಳೆಯಂಥ ಕಾಲುಗಳು! ಅದು ಕಾಲಿನ ನೆರಳಲ್ಲ. ಕಾಲೂರಿದ ಕಡೆ ನೀರು ತಗ್ಗಿ ಆದ ಗುಳಿಯದು. ಗುಳಿ ಬಿಸಿಲನ್ನು ಪಕ್ಕಕ್ಕೆ ಬಾಗಿಸುತ್ತದೆ, ಕೆಳಗೆ ಕತ್ತಲೆ ಬೀಳುತ್ತದೆ.

ಅಷ್ಟರಲ್ಲಿ ಒಂದು ಇರುವೆ ನೀರಿಗೆ ಬಿತ್ತು. ಅದು ಒದ್ದಾಡಿ ಎದ್ದ ಸಣ್ಣ ಅಲೆ ತಾಗಿದ್ದೇ ತಡ, ಹುಳ ಗರ್ರನೆ ತಿರುಗಿತು. ನಡುವಿನ ಎರಡು ಕಾಲು ಹುಟ್ಟು ಹಾಕಿದವು, ಹಿಂದಿನವು ದಿಕ್ಕು ಹಿಡಿದವು, ಮುಂದಿನ ಗಿಡ್ಡ ಕಾಲುಗಳು ಇರುವೆಯನ್ನು ಹಿಡಿದವು.

9 ಡಿಸೆಂಬರ್

ರಾತ್ರಿ ಲೆಕ್ಕ ಹಾಕುತ್ತ ಕೂತೆ. ನೀರಿನೊಳಗಿನ ಅಣುವನ್ನು ನೆರೆಯ ಅಣುಗಳು ಎಲ್ಲ ಕಡೆಯಿಂದಲೂ ಎಳೆಯುತ್ತವೆ. ಮೇಲ್ಪದರದ ಅಣುವಿಗೆ ಮೇಲಿನಿಂದ ಆ ಎಳೆತವಿಲ್ಲ, ಹಾಗಾಗಿ ನೀರಿನ ಮೈ ಸದಾ ಕುಗ್ಗಲು ನೋಡುತ್ತದೆ. ಗುಳಿ ಬಿದ್ದರೆ ಮತ್ತೆ ಸಮನಾಗಲು ಹೋಗಿ ಕಾಲನ್ನು ಮೇಲಕ್ಕೆ ನೂಕುತ್ತದೆ. ಈ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಅಂದರೆ ಒಂದು ಸೆಂಟಿಮೀಟರ್ ಉದ್ದಕ್ಕೆ 70 ಮಿಲಿಗ್ರಾಂ ಭಾರ ಹೊರುವಷ್ಟು ಬಲ. ಹುಳದ ತೂಕ ಹತ್ತು ಮಿಲಿಗ್ರಾಂ ಇದ್ದೀತು!

ಆದರೆ ಕಾಲು ಒದ್ದೆಯಾದರೆ ಈ ಲೆಕ್ಕವೆಲ್ಲ ವ್ಯರ್ಥ. ಕಾಲಿನ ತುಂಬ ಕಣ್ಣಿಗೆ ಕಾಣದ ರೋಮ, ರೋಮದ ಮೇಲೆ ಇನ್ನೂ ಸಣ್ಣ ಗೀರು, ಗೀರುಗಳಲ್ಲಿ ಗಾಳಿ. 2004ರಲ್ಲಿ ಚೀನಾದ ಗಾವ್ ಮತ್ತು ಜಿಯಾಂಗ್ ಅಳೆದು ನೋಡಿದಾಗ, ಒಂದೇ ಕಾಲು ಹುಳದ ತೂಕದ ಸುಮಾರು ಹದಿನೈದು ಪಟ್ಟು ಭಾರ ತಡೆಯಿತು. ಮಳೆಹನಿಯ ಹೊಡೆತ, ಹಾರುವ ಜಿಗಿತ ಎಲ್ಲಕ್ಕೂ ಈ ಉಳಿಕೆ ಬೇಕು.

11 ಡಿಸೆಂಬರ್

ಇವತ್ತು ಮಾಡಬಾರದ್ದು ಮಾಡಿದೆ. ಒಂದು ಹುಳವನ್ನು ಜರಡಿಯಲ್ಲಿ ಹಿಡಿದು ಕಲ್ಲಿನ ಮರಿಗೆಯ ನೀರಿಗೆ ಬಿಟ್ಟೆ. ಚೆನ್ನಾಗಿಯೇ ಓಡಾಡಿತು. ಆಮೇಲೆ ಪಾತ್ರೆ ತೊಳೆಯುವ ಸೋಪಿನ ಒಂದೇ ಹನಿ ಹಾಕಿದೆ. ಮೊದಲು ಹಿಂದಿನ ಕಾಲುಗಳು ನೀರೊಳಗೆ ಇಳಿದವು, ಆಮೇಲೆ ಹೊಟ್ಟೆ, ಆಮೇಲೆ ಅದಿಡೀ ಮುಳುಗಿತು. ಎಲೆಯಿಂದ ಎತ್ತಿ ಹಳ್ಳದ ನೀರಲ್ಲಿ ತೊಳೆದು ಕಲ್ಲ ಮೇಲಿಟ್ಟೆ. ಬದುಕಲಿಲ್ಲ.

ಸೋಪು ನೀರಿನ ಎಳೆತವನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ, ಕಾಲಿನ ರೋಮವನ್ನೂ ತೋಯಿಸುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ನೋಡಬೇಕೆನಿಸಿತಲ್ಲ ಎಂದು ಬೇಸರ. ಬಟ್ಟೆ ಒಗೆಯುವ ನಮ್ಮ ಕಲ್ಲಿನ ಕೆಳಗಿನ ಮಡುವಿನಲ್ಲಿ ಒಂದು ಹುಳವೂ ಇಲ್ಲದ್ದು ಆಮೇಲೆ ಕಣ್ಣಿಗೆ ಬಿತ್ತು.

12 ಡಿಸೆಂಬರ್

ಅಮ್ಮನಿಗೆ ಹೇಳಿದೆ. "ಹಾಗಾದ್ರೆ ಮೊದಲಿನ ಹಾಗೆ ಅಂಟುವಾಳಕಾಯಿ ಹಾಕಿ ಒಗೀಲಾ?" ಎಂದಳು. ನೊರೆ ಬರುವುದು ಯಾವುದಾದರೂ ಇದೇ ಕೆಲಸ ಮಾಡುತ್ತದೆ, ಅಂಟುವಾಳವೂ ಅಷ್ಟೇ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಲ್ಲು ಮೇಲೆ ತಂದುಬಿಡು. ನೀರು ಬಾಳೆ ಬುಡಕ್ಕೆ ಹೋಗಲಿ" ಎಂದಳು.

15 ಡಿಸೆಂಬರ್, ಭಾನುವಾರ

ನಾಲ್ಕು ಜನ ಸೇರಿ ಕಲ್ಲು ಮೇಲೆ ತಂದೆವು. ಗುದ್ದಲಿಯಲ್ಲಿ ಕಾಲುವೆ ತೆಗೆಯಲು ಮಧ್ಯಾಹ್ನವಾಯಿತು, ಅಂಗೈಯಲ್ಲಿ ಬೊಬ್ಬೆ. ಸಂಜೆ ಹಳ್ಳಕ್ಕೆ ಇಳಿದೆ. ಕೆಳಗಿನ ಮಡು ಇನ್ನೂ ಖಾಲಿ. ಮೇಲಿನದರಲ್ಲಿ ಹನ್ನೊಂದು ಎಣಿಸಿದೆ.