ತಲೆಬಾಗಿಲಲ್ಲಿಟ್ಟ ಹಾಕಿ ಕೋಲು

ಆಟವಾಡುವವರು ಕೆಲವರು, ನೋಡಿ ಕೂಗುವವರು ಬಹು ಮಂದಿ. ನಾನು ಎರಡನೆಯ ಗುಂಪಿಗೆ ಸೇರಿದವಳೆಂಬುದನ್ನು ನನ್ನೊಡನೆ ಈ ಶಾಲೆಯಲ್ಲಿ ಕಲಿತ ಸೋದರಿಯರು ಮರೆತಿರಲಾರರು. ಹಿಮದ ಮೇಲಾಡುವ ಹಾಕಿಯನ್ನು ನಾನು ಕಣ್ಣಾರೆ ಕಂಡವಳಲ್ಲ. ಆದರೂ ಕೆನಡಾ ದೇಶದ ಒಂದು ತಂಡದ ವಾರ್ತೆಯು ಇಷ್ಟು ವರ್ಷಗಳಾದರೂ ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ.

ಸಸ್ಕ್ಯಾಚೆವಾನ್ ಪ್ರಾಂತದಲ್ಲಿ ಹಂಬೋಲ್ಟ್ ಎಂಬ ಚಿಕ್ಕ ಊರಿದೆ. ಅಲ್ಲಿಯ ತಂಡದ ಹೆಸರು ಬ್ರಾಂಕೋಸ್. 2018ನೆಯ ಇಸವಿ ಏಪ್ರಿಲ್ 6ನೆಯ ತಾರೀಖು ಶುಕ್ರವಾರ ಸಾಯಂಕಾಲ ಆ ತಂಡವು ನಿಪಾವಿನ್ ಎಂಬ ಊರಿಗೆ ಪಂದ್ಯವಾಡಲು ಬಸ್ಸಿನಲ್ಲಿ ಹೋಗುತ್ತಿತ್ತು. ದಾರಿಯ ಕೂಡುರಸ್ತೆಯಲ್ಲಿ ನಿಲ್ಲಬೇಕೆಂಬ ಫಲಕವಿದ್ದರೂ ಒಂದು ಭಾರಿ ಲಾರಿಯು ನಿಲ್ಲದೆ ಅಡ್ಡ ಬಂದಿತು. ಬಸ್ಸಿನಲ್ಲಿದ್ದ 29 ಮಂದಿಯಲ್ಲಿ 16 ಮಂದಿ ಮೃತರಾದರು. ಅವರಲ್ಲಿ ಹತ್ತು ಮಂದಿ ಆಟಗಾರರು, ಮೀಸೆ ಬಲಿಯುವ ವಯಸ್ಸಿನ ಹುಡುಗರು. ಗಾಯಗೊಂಡ ಆಟಗಾರರಿಗೆ ಆರೈಕೆ ಮಾಡುತ್ತಿದ್ದ ಡೇನಾ ಬ್ರಾನ್ಸ್ ಎಂಬಾಕೆ ಆ ಬಸ್ಸಿನಲ್ಲಿದ್ದ ಒಬ್ಬಳೇ ಹೆಂಗಸು. ಐದು ದಿನ ಆಸ್ಪತ್ರೆಯಲ್ಲಿದ್ದು ಆಕೆಯೂ ತೀರಿಕೊಂಡಳು. ಆಟದ ಸುದ್ದಿಗಳಲ್ಲಿ ಇಂಥವರ ಹೆಸರು ಎಂದಾದರೂ ಬರುವುದುಂಟೇ?

ಲೋಗನ್ ಬುಲೆ ಎಂಬ ಹುಡುಗನು ಇಪ್ಪತ್ತೊಂದು ತುಂಬಿದೊಡನೆ, ತನ್ನ ಹಿಂದಿನ ತರಬೇತುದಾರನೊಬ್ಬನ ಮೇಲ್ಪಂಕ್ತಿಯಂತೆ, ಅಂಗದಾನದ ಒಪ್ಪಿಗೆಗೆ ರುಜು ಹಾಕಿದ್ದನು. ಕೆಲವೇ ವಾರಗಳಲ್ಲಿ ಆ ರುಜು ಆರು ಮಂದಿಗೆ ಒದಗಿತು. ಈ ಸಂಗತಿ ತಿಳಿದ ಮೇಲೆ ಆ ದೇಶದಲ್ಲಿ ಸುಮಾರು ಒಂದು ಲಕ್ಷ ಜನರು ಅಂಗದಾನಕ್ಕೆ ಹೆಸರು ಬರೆಯಿಸಿದರು.

ಲಾರಿ ನಡೆಸಿದವನು ತಪ್ಪನ್ನೊಪ್ಪಿಕೊಂಡನು. 2019ರಲ್ಲಿ ಎಂಟು ವರ್ಷದ ಸೆರೆಯಾಯಿತು. ಗಾಳಿಗೆ ಹಾರುತ್ತಿದ್ದ ಟಾರ್ಪಾಲಿನ ಮೇಲೆ ಅವನ ಗಮನವಿತ್ತೆಂದು ನ್ಯಾಯಸ್ಥಾನದಲ್ಲಿ ತಿಳಿದುಬಂದಿತು. ಮಕ್ಕಳನ್ನು ಕಳೆದುಕೊಂಡವರಲ್ಲಿ ಕೆಲವರು ಅವನನ್ನು ಕ್ಷಮಿಸಿದರು, ಕೆಲವರಿಂದ ಆಗಲಿಲ್ಲ. ಯಾರನ್ನೂ ನಾನು ಆಕ್ಷೇಪಿಸಲಾರೆ. ಅವನನ್ನು ಬಯ್ಯಲು ಹೊರಟಾಗಲೆಲ್ಲ ನನಗೆ ನನ್ನದೇ ಮಾತೊಂದು ನೆನಪಾಗುತ್ತದೆ.

ಒಮ್ಮೆ ಪಂದ್ಯಕ್ಕಾಗಿ ಹುಡುಗಿಯರೊಡನೆ ಬಾಡಿಗೆಯ ವ್ಯಾನಿನಲ್ಲಿ ಪಕ್ಕದೂರಿಗೆ ಹೊರಟಿದ್ದೆ. ಹೊತ್ತು ಮೀರಿತ್ತು, ಮಳೆಯೂ ಹಿಡಿದಿತ್ತು. “ಅಣ್ಣಾ, ಸ್ವಲ್ಪ ಬೇಗ ಬಿಡಿ, ಆಟ ತಪ್ಪಿಹೋಗುತ್ತದೆ” ಎಂದು ನಾನು ಹತ್ತು ಸಲವಾದರೂ ಹೇಳಿರಬೇಕು. ಅವರು ತಿರುಗಿಯೂ ನೋಡದೆ, “ಆಟ ತಾನೇ ತಾಯೀ, ತಪ್ಪಿದರೆ ತಪ್ಪಲಿ” ಎಂದು ತಮ್ಮ ನಿಧಾನದಲ್ಲಿಯೇ ನಡೆಸಿದರು. ತಡವಾಗಿ ಸೇರಿದೆವು, ಸೋತೆವು. ಚಾಲಕನ ಮಂದಗತಿಯಿಂದಲೇ ಸೋತೆವೆಂದು ನಾನು ಊರೆಲ್ಲ ಸಾರಿದೆ. ಹನ್ನೊಂದು ಹುಡುಗಿಯರನ್ನು ಅವರವರ ತಾಯಂದಿರಿಗೆ ಒಪ್ಪಿಸಿಹೋದ ಆ ಮನುಷ್ಯರ ಹೆಸರನ್ನು ನಾನು ಕೇಳಲೂ ಇಲ್ಲ.

ಹಂಬೋಲ್ಟಿನ ದುರ್ವಾರ್ತೆ ಬಂದ ಆ ದಿನಗಳಲ್ಲಿ ಕೆನಡಾದವರು ತಮ್ಮ ತಮ್ಮ ತಲೆಬಾಗಿಲ ಹೊರಗೆ ದೀಪ ಹಚ್ಚಿ ಒಂದೊಂದು ಹಾಕಿ ಕೋಲನ್ನು ಒರಗಿಸಿಟ್ಟರು. ಹೋದ ಹುಡುಗರಿಗೆ ಎಲ್ಲಾದರೂ ಬೇಕಾದೀತೆಂಬ ಭಾವ. ಅದನ್ನು ಓದಿ ನಾನೂ ಅಟ್ಟದ ಮೇಲಿದ್ದ ತಂಗಿಯ ಮಗಳ ಕೋಲನ್ನಿಳಿಸಿ, ಧೂಳೊರಸಿ, ರಾತ್ರಿ ಜಗಲಿಯ ಮೇಲಿಟ್ಟೆನು. ಬೆಳಿಗ್ಗೆ ಹಾಲಿನವನು ಬಾಗಿಲು ತಟ್ಟಿ, “ಅಮ್ಮಾ, ಮಕ್ಕಳು ಮರೆತು ಹೋಗಿದ್ದಾರೆ, ಒಳಗಿಡಿ” ಎಂದು ಅದನ್ನು ನನ್ನ ಕೈಗೆ ಕೊಟ್ಟು ಹೋದನು.