ಸೌ ಜಲಾಶಯದಲ್ಲಿ ನೀರಿಳಿದಾಗ

2023ರ ಮಾರ್ಚ್ ತಿಂಗಳ ಒಂದು ಶನಿವಾರ ನಮ್ಮ ಲ್ಯಾಬಿನ ನಾಲ್ವರು ಬಾರ್ಸಿಲೋನಾದಿಂದ ರುಪಿತ್ ಎಂಬ ಪುಟ್ಟ ಹಳ್ಳಿಗೆ ಬಾಡಿಗೆ ಕಾರಿನಲ್ಲಿ ಹೊರಟೆವು. ಕಲ್ಲಿನ ಮನೆಗಳು, ಕಲ್ಲು ಹಾಸಿದ ಓಣಿಗಳು, ಹಳ್ಳ ದಾಟಲು ಮರದ ತೂಗುಸೇತುವೆ. ಚೆಂದದ ಊರು, ತಾನು ಚೆಂದ ಎಂಬುದು ತನಗೇ ಚೆನ್ನಾಗಿ ಗೊತ್ತಿರುವ ಊರು. ಒಂದೂವರೆ ಗಂಟೆಯಲ್ಲಿ ನೋಡಿ ಮುಗಿಯಿತು. ಊಟವಾದ ಮೇಲೆ ಕತಲಾನ್ ಗೆಳತಿ, "ಇಲ್ಲೇ ಹತ್ತಿರ ಸೌ ಇದೆ. ನೀರು ತಳ ಕಂಡಿದೆಯಂತೆ, ಚರ್ಚು ಪೂರ್ತಿ ಹೊರಗೆ ಬಂದಿದೆಯಂತೆ" ಎಂದಳು.

ಸೌ ಎಂದರೆ ತೆರ್ ನದಿಗೆ ಕಟ್ಟಿದ ಜಲಾಶಯ. 1960ರ ದಶಕದ ಆರಂಭದಲ್ಲಿ ಅದು ತುಂಬಿದಾಗ ಸಾಂತ್ ರೊಮಾ ದೆ ಸೌ ಎಂಬ ಊರು ಮುಳುಗಿತು. 11ನೇ ಶತಮಾನದ ಚರ್ಚು ಮಾತ್ರ ನೀರೊಳಗೇ ನಿಂತಿತು. ನೀರು ಇಳಿದಾಗ ಅದರ ಗಂಟೆಗೋಪುರ ತಲೆ ಎತ್ತುತ್ತದೆ. ಆ ವರ್ಷ ಭೀಕರ ಬರ, ಜಲಾಶಯದಲ್ಲಿ ಹತ್ತರಲ್ಲೊಂದು ಪಾಲೂ ನೀರಿರಲಿಲ್ಲ.

ಹೋದರೆ ಜಾತ್ರೆ! ರಸ್ತೆಯುದ್ದಕ್ಕೂ ಕಾರು, ಬಿರುಕುಬಿಟ್ಟ ಕೆಸರಿನ ಮೇಲೆ ನಾಯಿ, ಮಕ್ಕಳು, ಸೆಲ್ಫಿ ಕೋಲು. ಎಲ್ಲರೂ ಗೋಪುರದ ಕಡೆಗೇ ಹೋಗುತ್ತಿದ್ದರು. ಮನೆಗಳ ಮೋಟುಗೋಡೆಗಳನ್ನು ದಾಟಿಕೊಂಡೇ ಹೋಗಬೇಕಿತ್ತು, ಆದರೂ ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ನನ್ನ ಕಾಲಿಗೊಂದು ಚಪ್ಪಡಿ ಸಿಕ್ಕಿತು. ನಡುವೆ ಸವೆದಿತ್ತು. ಹೊಸ್ತಿಲಿರಬೇಕು. ಕಾಲು ತೆಗೆದು ಪಕ್ಕಕ್ಕೆ ಸರಿದೆ.

ನಮ್ಮ ಮನೆಯಲ್ಲಿ 'ಮುಳುಗಡೆ' ಎಂಬುದು ವರ್ಷ ಎಣಿಸುವ ಪದ. "ಅದು ಮುಳುಗಡೆಗೆ ಮುಂಚೆ" ಎಂದರೆ 1964ಕ್ಕೆ ಮುಂಚೆ ಎಂದರ್ಥ. ಶರಾವತಿಗೆ ಲಿಂಗನಮಕ್ಕಿ ಕಟ್ಟಿದಾಗ ಅಜ್ಜಿಗೆ ಹದಿನೆಂಟು, ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಲಾರಿಯಲ್ಲಿ ಪಾತ್ರೆ, ದನ, ಅತ್ತೆ ಎಲ್ಲರನ್ನೂ ತುಂಬಿಕೊಂಡು ಶಿವಮೊಗ್ಗದ ಕಡೆಯ ಕಾಡಿನಲ್ಲಿ ಇಳಿಸಿದರು. ಆ ನೀರಿನಿಂದ ಬೆಂಗಳೂರಿನ ದೀಪ ಉರಿಯಿತು. ಅಜ್ಜಿಯ ಹೊಸ ಊರಿಗೆ ಕರೆಂಟು ಬಂದದ್ದು ಅಮ್ಮ ಹೈಸ್ಕೂಲಿಗೆ ಹೋಗುವಾಗ. ಮುಳುಗಡೆಯಾದವರಲ್ಲಿ ಇಂದಿಗೂ ಹಕ್ಕುಪತ್ರಕ್ಕೆ ಅಲೆಯುವವರಿದ್ದಾರೆ.

ನಾವೂ ನೋಡಲು ಹೋಗುತ್ತೇವೆ. ಲಿಂಗನಮಕ್ಕಿಯಲ್ಲಿ ನೀರು ತೀರಾ ಇಳಿದರೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. 1948ರಲ್ಲಿ ಮುಗಿದು, ಹದಿನಾರೇ ವರ್ಷಕ್ಕೆ ಇನ್ನೊಂದು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಅಣೆಕಟ್ಟು ಅದು. ಕಾಲೇಜಿನಲ್ಲಿದ್ದಾಗ ನಾನೂ ಹೋಗಿ ಅದರ ಸೈಫನ್‌ಗಳ ಎದುರು ನಿಂತು ಫೋಟೋ ತೆಗೆಸಿಕೊಂಡಿದ್ದೇನೆ. ಅಲ್ಲೂ ನೋಡುವುದು ಅಣೆಕಟ್ಟನ್ನೇ. ಚರ್ಚಿಗೆ, ಅಣೆಕಟ್ಟಿಗೆ ಸಿಗುವ ಮರ್ಯಾದೆ ಒಂದು ಕೊಟ್ಟಿಗೆಗೆ ಎಲ್ಲಿ ಸಿಗುತ್ತದೆ, ಹೇಳಿ?

ಇದನ್ನೆಲ್ಲ ಗೆಳೆಯರಿಗೆ ಹರುಕುಮುರುಕಾಗಿ ಹೇಳಿದೆ. ಇಟಲಿಯವನು ಸುಮ್ಮನಾದ. ಕತಲಾನ್ ಗೆಳತಿ ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಮನೆ ನಲ್ಲಿಗೂ ಇದೇ ತೆರ್ ನದಿಯ ನೀರು. ನಿನ್ನ ಬಾಡಿಗೆ ಮನೆಗೂ" ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಬೆಳಿಗ್ಗೆ ತುಂಬಿಕೊಂಡು ಬಂದಿದ್ದ ಬಾಟಲಿ ಬ್ಯಾಗಿನಲ್ಲೇ ಇತ್ತು.

ಅಜ್ಜಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ರಾತ್ರಿ ಎಂಟೂವರೆ, ಊಟ ಮುಗಿಸಿ ಕೂತಿದ್ದರು. ಫೋನು ತಿರುಗಿಸಿ ಗೋಪುರ ತೋರಿಸಿದೆ. "ದೇವಸ್ಥಾನ ಗಟ್ಟಿ ಐತೆ" ಎಂದರು, ಅಷ್ಟೇ. ಗೋಡೆಗಳನ್ನು ತೋರಿಸಿದಾಗ ಕನ್ನಡಕ ಹಾಕಿಕೊಂಡರು. ನಿಧಾನವಾಗಿ ತೋರಿಸು ಎಂದರು. ಇದು ಅಡುಗೆಮನೆ ಇರಬೇಕು, ಇದು ಜಗಲಿ ಎಂದು ತಾವೇ ಹೇಳುತ್ತಾ ಹೋದರು. ಸ್ಪೇನಿನ ಮನೆಗೆ ಜಗಲಿ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ.

"ಅಲ್ಲಿದ್ದ ಜನ ಎಲ್ಲಿಗೆ ಹೋದ್ರಂತೆ?"

ಗೆಳತಿಯನ್ನು ಕೇಳಿದೆ. ಅವಳು ತಲೆಯಾಡಿಸಿದಳು.

"ಹೋಗ್ಲಿ, ಬಾವಿ ಎಲ್ಲೈತೆ ನೋಡು. ಊರು ಅಂದ್ಮೇಲೆ ಬಾವಿ ಇರ್ಬೇಕಲ್ಲ."

ಬಾವಿ ಕಣ್ಣಿಗೆ ಬಿದ್ದಿರಲಿಲ್ಲ. ಫೋನು ಹಿಡಿದುಕೊಂಡೇ ಗೋಡೆಗಳ ನಡುವೆ ಹುಡುಕಲು ಹೊರಟೆ. ಏನು ಹುಡುಕುತ್ತಿದ್ದೀಯಾ ಎಂದು ಗೆಳತಿ ಕೇಳಿದಳು. ಹೇಳಿದೆ. ಅವಳು ಕೆಳಗಿನ ಕಡೆ ನೋಡುತ್ತೇನೆ ಎಂದು ಇಳಿದು ಹೋದಳು.