ಯಾವ ನಾಯಿ ತರಲಿ, ಕಾಕಾ?

ನಾಸಿಕದಲ್ಲಿರುವ ನಮ್ಮ ಅಣ್ಣನ ಮಗಳಿಗೆ ನಾಯಿ ಸಾಕುವ ಆಸೆ ಹುಟ್ಟಿದಾಗಿನಿಂದ, ಇಲ್ಲಿ ಛತ್ರಪತಿ ಸಂಭಾಜಿನಗರದಲ್ಲಿ ನನ್ನ ಸಂಜೆಗಳೆಲ್ಲ ಶ್ವಾನಮೀಮಾಂಸೆಗೇ ಮೀಸಲು. ಫೋನ್ ಎತ್ತಿದರೆ ಸಾಕು, "ಕಾಕಾ, ಈ ಹಸ್ಕಿ ಕಣ್ಣು ನೋಡ್ರಿ, ಎಷ್ಟು ಛಂದ ಅದಾವ!" ಎನ್ನುತ್ತಾಳೆ. ಛಂದವೇನೋ ಹೌದು. ಆದರೆ ಸೈಬೀರಿಯದ ಹಿಮದಲ್ಲಿ ಬಂಡಿ ಎಳೆಯಲೆಂದು ಎರಡು ಪದರಿನ ತುಪ್ಪಳ ಹೊತ್ತ ಜೀವವನ್ನು ದಖ್ಖನ್ನಿನ ಬೇಸಿಗೆಗೆ ತಂದು ಬಿಡುವುದೆಂದರೆ, ಮೇ ತಿಂಗಳ ಮಧ್ಯಾಹ್ನ ಮಗುವಿಗೆ ಕಂಬಳಿ ಹೊದಿಸಿ ಅಂಗಳಕ್ಕೆ ಕಳಿಸಿದಂತೆ. ನಾಸಿಕದ ಚಳಿಗಾಲ ತಂಪಾದದ್ದೇ, ನಿಫಾಡದ ಕಡೆ ದ್ರಾಕ್ಷಿ ತೋಟ ಕಾಯಲು ರೈತರು ಬೆಂಕಿ ಹಾಕಿ ಹೊಗೆ ಎಬ್ಬಿಸುವಷ್ಟು; ಅದು ಮುಗಿದ ಮೇಲೆ ಬರುವ ಏಪ್ರಿಲನ್ನೂ ನಾಯಿ ಬದುಕಬೇಕಲ್ಲ. ನಮ್ಮ ಊರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮೂಗೇ ಮೊಟಕಾದ ಪಗ್‌ಗೆ ಅದೂ ಕಷ್ಟ. 2003ರ ಹಚ್ ಫೋನ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಆ ಮುದ್ದು ಮುಖ ಎಷ್ಟೋ ಮನೆಗಳಿಗೆ ಬಂತು. ಅದರ ಉಸಿರಿನ ತೊಂದರೆಯೂ ಜೊತೆಗೇ ಬಂತು.

"ಹಾಂಗಾದ್ರ ನಮ್ಮ ಮುಧೋಳ ನಾಯಿ?" ಎಂದು ಅವಳು ಕೇಳಿದ ದಿನ ನಾನು ಬಾಗಲಕೋಟೆ ಕಡೆಯ ಹೊಲಗಳಿಗೇ ಹೋಗಿಬಿಟ್ಟೆ. ಅಜ್ಜನ ಹತ್ತಿರ ಒಂದಿತ್ತು. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ ತಿಂದು ದನದ ಕೊಟ್ಟಿಗೆಯ ಬಾಗಿಲಲ್ಲಿ ಮಲಗುತ್ತಿತ್ತು. ಪಕ್ಕೆಲುಬು ಎಣಿಸಬಹುದಾದ ಮೈ, ಆಳವಾದ ಎದೆ, ಉದ್ದ ಮೂತಿ. ಜೋಳ ಕೊಯ್ದ ಹೊಲದ ಆಚೆ ತುದಿಯಲ್ಲಿ ಏನೋ ಅಲುಗಿತೆಂದರೆ, ನಮ್ಮ ಕಣ್ಣಿಗೆ ಅದು ಬೀಳುವ ಮೊದಲೇ ಇದು ಅಲ್ಲಿರುತ್ತಿತ್ತು. ಅಜ್ಜನನ್ನು ಬಿಟ್ಟು ಹೊರಗಿನವರು ಮುಟ್ಟಿದರೆ ಸರಿದು ನಿಲ್ಲುತ್ತಿತ್ತು. ಮೂಸಿ ಹುಡುಕುವುದಕ್ಕಿಂತ ಕಣ್ಣಿಂದ ಕಂಡು ಅಟ್ಟುವುದು ಈ ತಳಿಯ ರೀತಿ. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆ ಇದನ್ನು ಬೆಳೆಸಿ, ಒಂದು ಜೋಡಿಯನ್ನು ದೊರೆ ಐದನೆಯ ಜಾರ್ಜ್‌ಗೆ ಕೊಟ್ಟರು. 2005ರಲ್ಲಿ ಇದು ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಮೀರತ್‌ನ ಸೈನ್ಯದ ತರಬೇತಿಗೆ ಹೋಯಿತು; ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯ ಇದಕ್ಕೆಂದೇ ಒಂದು ಕೇಂದ್ರ ನಡೆಸುತ್ತದೆ. ಮಹಾರಾಷ್ಟ್ರದ ಹಳ್ಳಿಗಳಲ್ಲೂ ಇದೇ ಬಳಗವನ್ನು ಕಾರವಾನ್ ಎಂದು ಸಾಕುತ್ತಾರೆ, ಕಿವಿ ಬಾಲಗಳಲ್ಲಿ ರೇಷ್ಮೆಗೂದಲು ಜೋತಿದ್ದರೆ ಪಶ್ಮಿ.

ಬೇಟೆನಾಯಿಯನ್ನು ನಮ್ಮವರು ಎಷ್ಟು ಗೌರವಿಸಿದರು ಎನ್ನುವುದಕ್ಕೆ ಮಂಡ್ಯದ ಆತಕೂರಿನ ಕಲ್ಲಿದೆ. ಇಲ್ಲೇ ಎಲ್ಲೋರದಲ್ಲಿ ಬೆಟ್ಟ ಕಡೆಸಿ ಕೈಲಾಸ ಮಾಡಿಸಿದ ರಾಷ್ಟ್ರಕೂಟರ ವಂಶದವನೇ ಮೂರನೆಯ ಕೃಷ್ಣ. ತಕ್ಕೋಲದಲ್ಲಿ ಅವನ ಕಡೆ ನಿಂತು ಚೋಳರನ್ನು ಗೆದ್ದ ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಏನು ಬೇಕೆಂದು ಕೇಳಿದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಕ್ರಿ.ಶ. 950ರ ಸುಮಾರಿಗೆ ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಹೋದರೆ ತಪ್ಪದೆ ನೋಡಿ.

ಇಷ್ಟೆಲ್ಲ ಹೇಳಿಯೂ ನಾನು ಅವಳಿಗೆ ಮುಧೋಳ ನಾಯಿ ಬೇಡವೆಂದೇ ಹೇಳಿದೆ. ಓಡಲೆಂದೇ ಹುಟ್ಟಿದ್ದನ್ನು ನಾಲ್ಕನೆಯ ಮಹಡಿಯ ಎರಡು ಕೋಣೆಗಳಲ್ಲಿ ಕೂಡಿಹಾಕುವುದು ನನಗೆ ಒಪ್ಪುವುದಿಲ್ಲ. ಅವಳೂ ಅವಳ ಗಂಡನೂ ಬೆಳಗ್ಗೆ ಹೊರಟರೆ ಮನೆಯಲ್ಲಿ ಉಳಿಯುವವರು ಅತ್ತೆ ಮತ್ತು ಶಾಲೆಯಿಂದ ಮಧ್ಯಾಹ್ನ ಬರುವ ಮಗ. ಬೆಳಗಿನ ಐದಕ್ಕೆ ಹಗ್ಗ ಹಿಡಿದು ಯಾರು ಇಳಿಯುತ್ತಾರೆ, ಮುಂಗಾರಿನ ಮಳೆಯಲ್ಲೂ? ತಳಿ ಹುಡುಕುವ ಮೊದಲು ಕೇಳಬೇಕಾದ ಪ್ರಶ್ನೆ ಅದು. ಲ್ಯಾಬ್ರಡಾರ್ ಮಕ್ಕಳೊಡನೆ ಒಳ್ಳೆಯದೇ. ಆದರೆ ಅವುಗಳಲ್ಲಿ ಸುಮಾರು ಕಾಲುಭಾಗಕ್ಕೆ ಹಸಿವು ತಣಿಯಗೊಡದ ಜೀನಿನ ಊನವಿದೆ ಎಂದು ಕೇಂಬ್ರಿಜ್‌ನವರು 2016ರಲ್ಲಿ ತೋರಿಸಿದರು. ಆ ಅತ್ತೆಯ ಕೈಯೋ, ಬಾಲ ಆಡಿಸಿದವರಿಗೆಲ್ಲ ತುಪ್ಪದ ಚಪಾತಿ ಹಾಕುವ ಕೈ.

ನನ್ನ ಮನಸ್ಸು ಇರುವುದು ಬೀದಿಯ ಮರಿಗಳ ಮೇಲೆ. ಈ ಬಿಸಿಲಿಗೆ, ಈ ನೀರಿಗೆ ತಲೆಮಾರುಗಳಿಂದ ಹದಗೊಂಡ ಮೈ ಅವುಗಳದು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಬೇಕು, ಸಂತಾನಹರಣವನ್ನೂ ಮಾಡಿಸಬೇಕು. ಅವಳ ಸೊಸಾಯಿಟಿಯ ಹಿಂದೆಯೇ ಒಂದು ನಾಯಿ ಮರಿ ಹಾಕಿದೆಯಂತೆ. ತಾಯಿ ಮನುಷ್ಯರ ಹತ್ತಿರ ಹೇಗಿದೆ, ಗದರಿದರೆ ಕಚ್ಚಲು ಬರುತ್ತದೋ ಬಾಲ ಆಡಿಸುತ್ತದೋ, ಅದನ್ನು ಮೊದಲು ನೋಡು ಎಂದಿದ್ದೇನೆ. ಮರಿ ಮಾರುವವರೂ 2017ರ ನಿಯಮದಂತೆ ಎಂಟು ವಾರ ತುಂಬುವ ತನಕ ಮಾರುವಂತಿಲ್ಲ. ಬೀದಿಯ ತಾಯಿಗೂ ಅಷ್ಟು ದಿನ ಬಿಟ್ಟುಕೊಡು, ಅಲ್ಲಿಯವರೆಗೆ ಮಗನನ್ನು ಕರೆದುಕೊಂಡು ದಿನಾ ಹೋಗಿ ಆ ತಾಯಿಗೆ ಹಾಲು ರೊಟ್ಟಿ ಹಾಕಿ ಬಾ ಎಂದೂ ಹೇಳಿದ್ದೇನೆ.